ನೀಲಿಯಾಗಿ ಹುಟ್ಟಿದ ಎಮಲ್ಷನ್ ಬೆಳ್ಳಗಾಗುವುದೇಕೆ?

ಪ್ರಶ್ನೆ: ನಾನು ಕಲಬುರಗಿಯಲ್ಲಿ ಫಾರ್ಮಸಿ ಓದುತ್ತಿದ್ದೇನೆ. ನಮ್ಮ ಕಾಲೇಜಿನಲ್ಲಿ ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆಯುವ ಅಲ್ಟ್ರಾಸೊನಿಕೇಟರ್ ಇಲ್ಲ, ಹೈ ಪ್ರೆಶರ್ ಹೊಮೊಜನೈಸರೂ ಇಲ್ಲ. ಹಾಗಾಗಿ ಕಾಯಿಸಿ ತಣಿಸುವ ವಿಧಾನದಲ್ಲಿ ನ್ಯಾನೊಎಮಲ್ಷನ್, ಅಂದರೆ ನೀರಿನಲ್ಲಿ ಅತಿ ಸಣ್ಣ ಎಣ್ಣೆ ಹನಿಗಳು ಹರಡಿರುವ ದ್ರವ, ಮಾಡುತ್ತಿದ್ದೇನೆ. ಮೊದಲ ಬಾಟಲಿಯಲ್ಲಿ ನೂರಕ್ಕೆ 20 ಭಾಗ ಲೈಟ್ ಲಿಕ್ವಿಡ್ ಪ್ಯಾರಫಿನ್, 6 ಭಾಗ ಬ್ರಿಜ್ ಎಲ್4 ಎಂಬ ಸರ್ಫ್ಯಾಕ್ಟಂಟ್ (ಎಣ್ಣೆ ಮತ್ತು ನೀರನ್ನು ಬೆಸೆಯುವ ವಸ್ತು), ಉಳಿದದ್ದು ನೀರು. ಸುಮಾರು 50 ಡಿಗ್ರಿಯಲ್ಲಿ ದ್ರವ ತಿಳಿಯಾಗುತ್ತದೆ. ಐಸಿನಲ್ಲಿ ತಣಿಸಿದರೆ ನೀಲಿ ಛಾಯೆ ಬರುತ್ತದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಚೆನ್ನಾಗಿದ್ದದ್ದು ಏಪ್ರಿಲಿನಲ್ಲಿ ಒಡೆದು ಮೇಲೆ ಎಣ್ಣೆ ನಿಂತಿತು. ಎರಡನೆಯ ಬಾಟಲಿಯಲ್ಲಿ 10 ಭಾಗ ನಿಂಬೆಹುಲ್ಲಿನ ಎಣ್ಣೆ, 8 ಭಾಗ ಟ್ವೀನ್ 80 ಎಂಬ ಇನ್ನೊಂದು ಸರ್ಫ್ಯಾಕ್ಟಂಟ್. ಇದನ್ನು 80 ಡಿಗ್ರಿಗೆ ಕಾಯಿಸಿ ತಣಿಸಿದೆ. ಇದೂ ನೀಲಿಯಾಗಿಯೇ ಇತ್ತು, ಆದರೆ ಫ್ರಿಜ್ಜಿನಲ್ಲಿಟ್ಟರೂ ನಾಲ್ಕೈದು ದಿನಗಳಲ್ಲಿ ಹಾಲಿನಂತಾಯಿತು. ಎರಡಕ್ಕೂ ಸರ್ಫ್ಯಾಕ್ಟಂಟ್ ಹೆಚ್ಚಿಸಿ ನೋಡಿದೆ. ಮೊದಲನೆಯದು ಇನ್ನೂ ಬೇಗ ಕೆಟ್ಟಿತು, ಎರಡನೆಯದರಲ್ಲಿ ಹೇಳಿಕೊಳ್ಳುವ ಬದಲಾವಣೆ ಆಗಲಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಎರಡು ಬಾಟಲಿಗಳೂ ಕಡೆಗೆ ಕೆಟ್ಟಿದ್ದರೂ ಅವುಗಳಿಗೆ ಬಂದಿರುವ ಕಾಯಿಲೆ ಒಂದೇ ಅಲ್ಲ. ಮೊದಲನೆಯದು ತಾನು ಹುಟ್ಟಿದ ಉಷ್ಣಾಂಶಕ್ಕೆ ತೀರ ಹತ್ತಿರದಲ್ಲಿ ಬದುಕಬೇಕಾಗಿ ಬಂದದ್ದರಿಂದ ಒಡೆದಿದೆ. ಎರಡನೆಯದರ ಎಣ್ಣೆ ನೀರಿನಲ್ಲಿ ಸ್ವಲ್ಪಮಟ್ಟಿಗೆ ಕರಗುವಂಥದ್ದಾದ್ದರಿಂದ ಅದರ ಹನಿಗಳು ಬೆಳೆದಿವೆ. ಸರ್ಫ್ಯಾಕ್ಟಂಟ್ ಹೆಚ್ಚಿಸುವುದು ಇವೆರಡರಲ್ಲಿ ಯಾವುದಕ್ಕೂ ಔಷಧವಲ್ಲ. ನೀವು ಡಿಸೆಂಬರಿನಿಂದ ಏಪ್ರಿಲಿನವರೆಗೆ ಒಂದೇ ಬಾಟಲಿಯನ್ನು ಕಾದಿಟ್ಟುಕೊಂಡು ಗಮನಿಸಿದ್ದು, ಇನ್ನೊಂದನ್ನು ಫ್ರಿಜ್ಜಿನಲ್ಲಿಟ್ಟು ನೋಡಿದ್ದು ಬಹಳ ಒಳ್ಳೆಯ ಕೆಲಸವಾಯಿತು. ಆ ಎರಡು ಸುಳಿವುಗಳಿಲ್ಲದಿದ್ದರೆ ಇಷ್ಟು ಖಚಿತವಾಗಿ ಹೇಳಲು ಆಗುತ್ತಿರಲಿಲ್ಲ.

ಮೊದಲಿಗೆ, ಯಂತ್ರದ ಕೆಲಸವನ್ನು ಬಿಸಿಯೊಂದೇ ಹೇಗೆ ಮಾಡುತ್ತದೆ ಎಂಬುದನ್ನು ನೋಡೋಣ. ನಿಮ್ಮ ಮೊದಲ ಬಾಟಲಿಯ ಕಥೆ ಅದರಲ್ಲೇ ಇದೆ. 10 ಮಿಲಿಲೀಟರ್ ಎಣ್ಣೆಯನ್ನು 100 ನ್ಯಾನೊಮೀಟರ್ ವ್ಯಾಸದ ಹನಿಗಳಾಗಿ ಒಡೆದರೆ ಆ ಹನಿಗಳ ಒಟ್ಟು ಮೇಲ್ಮೈ 600 ಚದರ ಮೀಟರ್ ಆಗುತ್ತದೆ. ನಮ್ಮ ಅಳತೆಯಲ್ಲಿ ಹೇಳುವುದಾದರೆ, ಒಂದು ಸಣ್ಣ ಲೋಟದ ತಳದಲ್ಲಿರುವ ಎಣ್ಣೆ ಸುಮಾರು ಆರು ಗುಂಟೆ ನೆಲದಷ್ಟು ಹರಡಿಕೊಳ್ಳುತ್ತದೆ. ಎಣ್ಣೆ ಮತ್ತು ನೀರಿನ ನಡುವೆ ಇರುವ ಎಳೆತ, ಅಂದರೆ ಅಂತರಮೇಲ್ಮೈ ಕರ್ಷಣ, ಈ ಹರಡುವಿಕೆಯನ್ನು ವಿರೋಧಿಸುತ್ತದೆ. ಈ ಕರ್ಷಣ ಮೀಟರಿಗೆ 5 ಮಿಲಿನ್ಯೂಟನ್ ಇದ್ದರೂ, 50 ನ್ಯಾನೊಮೀಟರ್ ತ್ರಿಜ್ಯದ ಹನಿಯ ಒಳಗಿನ ಒತ್ತಡ ಹೊರಗಿನದಕ್ಕಿಂತ ಸುಮಾರು ಎರಡು ವಾಯುಮಂಡಲದಷ್ಟು ಹೆಚ್ಚಿರುತ್ತದೆ. ಅಂಥ ಹನಿಯನ್ನು ಹೊರಗಿನಿಂದ ಹಿಂಡಿ ಇನ್ನೂ ಚಿಕ್ಕದಾಗಿಸಲು ಹೊರಟಾಗ ಹೊಮೊಜನೈಸರಿಗೆ ನೂರಾರು ವಾಯುಮಂಡಲಗಳ ಒತ್ತಡ ಬೇಕಾಗುವುದು ಇದಕ್ಕಾಗಿಯೇ, ಏಕೆಂದರೆ ಯಂತ್ರ ಸುರಿಯುವ ಶಕ್ತಿಯಲ್ಲಿ ಬಹುಪಾಲು ದ್ರವವನ್ನು ಬಿಸಿ ಮಾಡುವುದರಲ್ಲೇ ಕಳೆದುಹೋಗುತ್ತದೆ.

ಬ್ರಿಜ್ ಎಲ್4 ಒಂದು ಅಯಾನಿಕವಲ್ಲದ ಸರ್ಫ್ಯಾಕ್ಟಂಟ್, ಅಂದರೆ ಅದರ ಅಣುವಿಗೆ ವಿದ್ಯುದಂಶವಿಲ್ಲ. ಹನ್ನೆರಡು ಇಂಗಾಲದ ಬಾಲ ಎಣ್ಣೆಯ ಕಡೆಗೆ ಚಾಚಿಕೊಂಡರೆ, ಸರಾಸರಿ ನಾಲ್ಕು ಎಥಿಲೀನ್ ಆಕ್ಸೈಡ್ ಕೊಂಡಿಗಳ ತಲೆ ನೀರಿನ ಅಣುಗಳನ್ನು ಹೈಡ್ರೋಜನ್ ಬಂಧದಿಂದ ಹಿಡಿದುಕೊಂಡಿರುತ್ತದೆ. ತಣ್ಣಗಿರುವಾಗ ನೀರು ತುಂಬಿ ದಪ್ಪಗಾಗಿರುವ ತಲೆಗೆ ಹೆಚ್ಚು ಜಾಗ ಬೇಕು. ಆದ್ದರಿಂದ ಸರ್ಫ್ಯಾಕ್ಟಂಟಿನ ಪದರ ಎಣ್ಣೆಯನ್ನು ಒಳಗಿಟ್ಟುಕೊಂಡು ಬಾಗುತ್ತದೆ. ಬಿಸಿ ಏರಿದಂತೆ ಈ ಬಂಧಗಳು ಸಡಿಲಗೊಂಡು, ತಲೆ ನೀರನ್ನು ಬಿಟ್ಟುಕೊಟ್ಟು ಕುಗ್ಗುತ್ತದೆ. ಒಂದು ಉಷ್ಣಾಂಶದಲ್ಲಿ ತಲೆಬಾಲಗಳ ಅಗಲ ಸಮನಾಗಿ ಪದರ ಯಾವ ಕಡೆಗೂ ಬಾಗದೆ ನಿಲ್ಲುತ್ತದೆ. ಅದನ್ನು ದಾಟಿದರೆ ಪದರ ಹಿಮ್ಮುಖವಾಗಿ ಬಾಗಿ, ನೀರೇ ಹನಿಯಾಗಿ ಎಣ್ಣೆ ಹೊರಗಿನ ಮಾಧ್ಯಮವಾಗುತ್ತದೆ. ಸರ್ಫ್ಯಾಕ್ಟಂಟ್ ಯಾವುದರಲ್ಲಿ ಹೆಚ್ಚು ಕರಗುತ್ತದೋ ಅದೇ ಹೊರಗಿನ ಮಾಧ್ಯಮವಾಗುತ್ತದೆ ಎಂಬ ಬ್ಯಾಂಕ್ರಾಫ್ಟ್ ನಿಯಮ 1913ರಷ್ಟು ಹಳೆಯದು. ಅದನ್ನು ಉಷ್ಣಾಂಶದೊಂದಿಗೆ ಹೊಂದಿಸಿ, ಈ ತಿರುಗುವ ಬಿಂದುವನ್ನೇ ಎಮಲ್ಷನ್ ತಯಾರಿಕೆಯ ಸಾಧನವನ್ನಾಗಿ ಮಾಡಿದವರು ಜಪಾನಿನ ಕೋಜೊ ಶಿನೋಡಾ ಮತ್ತು ಅವರ ಸಹೋದ್ಯೋಗಿಗಳು. ಆ ಕೆಲಸ ನಡೆದದ್ದು 1960ರ ದಶಕದಲ್ಲಿ. ಪ್ರಾವಸ್ಥೆ ತಿರುಗುವ ಈ ಉಷ್ಣಾಂಶವನ್ನು ಪಿಐಟಿ (ಫೇಸ್ ಇನ್ವರ್ಷನ್ ಟೆಂಪರೇಚರ್) ಎಂದು ಕರೆಯುವುದು ರೂಢಿ. ಕೆನೆ ಕಡೆದಾಗ ಬೆಣ್ಣೆ ಬರುವುದೂ ಇಂಥದೇ ತಿರುವು, ನೀರಿನೊಳಗಿದ್ದ ಕೊಬ್ಬು ಅಲ್ಲಿ ನೀರನ್ನು ಒಳಗಿಟ್ಟುಕೊಳ್ಳುತ್ತದೆ. ಆದರೆ ಅಲ್ಲಿ ತಿರುಗಿಸುವುದು ಕಡೆಗೋಲು, ಇಲ್ಲಿ ಬಿಸಿ.

ತಿರುಗುವ ಆ ಬಿಂದುವಿನಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಅಂತರಮೇಲ್ಮೈ ಕರ್ಷಣ ಮೀಟರಿಗೆ ಮಿಲಿನ್ಯೂಟನ್ನಿನ ನೂರನೆಯ ಒಂದು ಭಾಗಕ್ಕೆ, ಕೆಲವೊಮ್ಮೆ ಅದಕ್ಕಿಂತಲೂ ಕೆಳಗೆ ಇಳಿಯುತ್ತದೆ. ಆದ್ದರಿಂದ ಮ್ಯಾಗ್ನೆಟಿಕ್ ಸ್ಟಿರರಿನ ಮೆಲ್ಲನೆಯ ಕಲಕುವಿಕೆಯೇ ಎಣ್ಣೆಯನ್ನು ನ್ಯಾನೊಮೀಟರ್ ಗಾತ್ರಕ್ಕೆ ತರಲು ಸಾಕಾಗುತ್ತದೆ. ನೀವು 50 ಡಿಗ್ರಿಯಲ್ಲಿ ಕಂಡ ತಿಳಿತನ ಇದೇ. ಅಲ್ಲಿ ಎಣ್ಣೆಯೂ ನೀರೂ ಸ್ಪಂಜಿನಂತೆ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಎರಡನೆಯ ಸಂಗತಿಯನ್ನು ಪಾಠದಲ್ಲಿ ಒತ್ತಿ ಹೇಳುವುದು ಕಡಿಮೆ: ಹೊಸ ಮೇಲ್ಮೈ ಹುಟ್ಟುವುದಕ್ಕೆ ಅಡ್ಡಿಯಿಲ್ಲದ ಜಾಗದಲ್ಲಿ ಇದ್ದ ಮೇಲ್ಮೈ ಅಳಿಯುವುದಕ್ಕೂ ಅಡ್ಡಿಯಿರುವುದಿಲ್ಲ. ಪಿಐಟಿಯ ಹತ್ತಿರ ಎರಡು ಹನಿಗಳು ಮುಟ್ಟಿಕೊಂಡರೆ ನಡುವಿನ ಪದರಕ್ಕೆ ತೂತು ಬೀಳುವುದು ಬಹಳ ಸುಲಭ, ಏಕೆಂದರೆ ತೂತಿನ ಅಂಚಿನಲ್ಲಿ ಹಿಮ್ಮುಖವಾಗಿ ಬಾಗಲು ಪದರಕ್ಕೆ ಅಲ್ಲಿ ಯಾವ ಕಷ್ಟವೂ ಇಲ್ಲ. ಆದ್ದರಿಂದ ಅಲ್ಲಿ ಹುಟ್ಟಿದ ಹನಿಗಳನ್ನು ಕೂಡಲೇ ಆ ಜಾಗದಿಂದ ದೂರ ಒಯ್ಯಬೇಕು. ಐಸಿನ ಕೆಲಸ ಇಷ್ಟೇ, ಮತ್ತು ಆ ಕೆಲಸವನ್ನು ನೀವು ಸರಿಯಾಗಿಯೇ ಮಾಡಿದ್ದೀರಿ.

ಆದರೆ ಹೀಗೆ ದೂರ ಒಯ್ದ ಹನಿಗಳನ್ನು ಕಲಬುರಗಿಯ ಬೇಸಿಗೆ ಮತ್ತೆ ಅಲ್ಲಿಗೇ ಮರಳಿಸಿತು. ನಿಮ್ಮ ಊರಿನಲ್ಲಿ ಬೇಸಿಗೆಯ ಹಗಲು 42 ಡಿಗ್ರಿ ದಾಟುವುದು ಅಪರೂಪವಲ್ಲ; ನಿಮ್ಮ ಪಿಐಟಿ 50ರ ಆಸುಪಾಸಿನಲ್ಲಿದೆ. ನೀರಿನಲ್ಲಿ ಎಣ್ಣೆಯ ಎಮಲ್ಷನ್ ಸ್ಥಿರವಾಗಿರಬೇಕಾದರೆ ಪಿಐಟಿ ಅದನ್ನು ಇಡುವ ಉಷ್ಣಾಂಶಕ್ಕಿಂತ 20ರಿಂದ 65 ಡಿಗ್ರಿಯಷ್ಟು ಮೇಲಿರಬೇಕು ಎಂಬುದು ಶಿನೋಡಾ ಕೊಟ್ಟ ಅಂದಾಜು. ಚಳಿಗಾಲದಲ್ಲಿ ನಿಮಗೆ ಆ ಅಂತರ ಸಿಕ್ಕಿತ್ತು, ಏಪ್ರಿಲಿನಲ್ಲಿ ಉಳಿದದ್ದು ಹತ್ತು ಡಿಗ್ರಿಯೂ ಇದ್ದಿರಲಿಕ್ಕಿಲ್ಲ. ಬಾರ್ಸಿಲೋನಾದ ಅಥವಾ ಯೊಕೊಹಾಮಾದ ಪ್ರಯೋಗಾಲಯದಲ್ಲಿ 25 ಡಿಗ್ರಿಯಲ್ಲಿಟ್ಟು ಅಳೆದ ಸ್ಥಿರತೆಯನ್ನು ಕಲ್ಯಾಣ ಕರ್ನಾಟಕದ ಕೋಣೆಯೊಂದಕ್ಕೆ ಹಾಗೆಯೇ ತಂದುಕೊಳ್ಳಲು ಬರುವುದಿಲ್ಲ. ನಮ್ಮ ವಿದ್ಯಾರ್ಥಿಗಳು ಈ ಒಂದು ವಿಷಯದಲ್ಲಿ ಪ್ರಕಟಿತ ಸೂತ್ರಗಳನ್ನು ನಂಬಿ ಮೋಸಹೋಗುವುದನ್ನು ಕಂಡು ನನಗೆ ಬೇಸರವಾಗುತ್ತದೆ. ಅವರ ಕೈಯ ಕೆಲಸದಲ್ಲಿ ತಪ್ಪಿರುವುದಿಲ್ಲ, ಅಂತರದ ಲೆಕ್ಕವನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.

ಸರ್ಫ್ಯಾಕ್ಟಂಟ್ ಹೆಚ್ಚಿಸಿದಾಗ ಇನ್ನೂ ಬೇಗ ಕೆಟ್ಟದ್ದಕ್ಕೂ ಉತ್ತರ ಇಲ್ಲಿಯೇ ಇದೆ. ಅಂಗಡಿಯಲ್ಲಿ ಸಿಗುವ ಬ್ರಿಜ್ ಎಲ್4 ಒಂದೇ ಬಗೆಯ ಅಣುಗಳಿಂದ ಆದದ್ದಲ್ಲ. ಎಥಿಲೀನ್ ಆಕ್ಸೈಡ್ ಒಂದೂ ಇಲ್ಲದ ಅಣುವಿನಿಂದ ಹಿಡಿದು ಎಂಟು ಹತ್ತು ಕೊಂಡಿಗಳಿರುವ ಅಣುವಿನವರೆಗೆ ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. ಕೊಂಡಿ ಕಡಿಮೆಯಿರುವ ಅಣುಗಳು ಎಣ್ಣೆಯೊಳಗೆ ಕರಗಿ ಅಲ್ಲೇ ಉಳಿದುಬಿಡುತ್ತವೆ. ಹನಿಯ ಮೈಮೇಲೆ ಬಂದು ಕೂರುವುದು ಹೆಚ್ಚಾಗಿ ಕೊಂಡಿ ಜಾಸ್ತಿಯಿರುವವು. ಒಟ್ಟು ಪ್ರಮಾಣವನ್ನು ಏರಿಸಿದಾಗ ಕೊಂಡಿ ಕಡಿಮೆಯಿರುವವಕ್ಕೂ ಮೈಮೇಲೆ ಪಾಲು ಸಿಗುತ್ತದೆ, ಪದರ ಹೆಚ್ಚು ಎಣ್ಣೆಪ್ರಿಯವಾಗುತ್ತದೆ, ಪಿಐಟಿ ಇಳಿಯುತ್ತದೆ. ಹೀಗೆ ಇದ್ದ ಅಂತರವನ್ನೂ ನೀವು ಅರಿಯದೆ ಕಡಿಮೆ ಮಾಡಿದಂತಾಯಿತು. ನಿಜಕ್ಕೂ ಎಷ್ಟು ಸರ್ಫ್ಯಾಕ್ಟಂಟ್ ಬೇಕು ಎಂದು ಲೆಕ್ಕ ಹಾಕುವುದು ಕಷ್ಟವೇನಲ್ಲ. ಒಂದು ಅಣು ಮೇಲ್ಮೈಯಲ್ಲಿ ಸುಮಾರು ಅರ್ಧ ಚದರ ನ್ಯಾನೊಮೀಟರ್ ಜಾಗ ಹಿಡಿಯುತ್ತದೆಂದು ಇಟ್ಟುಕೊಂಡರೆ, ಮೇಲೆ ಹೇಳಿದ 600 ಚದರ ಮೀಟರನ್ನು ಮುಚ್ಚಲು ಮುಕ್ಕಾಲು ಗ್ರಾಮಿನಷ್ಟು ಸಾಕು. ಉಳಿದದ್ದು ಎಣ್ಣೆಯಲ್ಲಿ ಕರಗಲಿಕ್ಕೆ, ಮತ್ತು ಪಿಐಟಿಯಲ್ಲಿ ಎಲ್ಲ ಎಣ್ಣೆಯನ್ನೂ ಆ ಸ್ಪಂಜಿನೊಳಗೆ ಸೇರಿಸಿಕೊಳ್ಳಲಿಕ್ಕೆ ಬೇಕು. ಈ ಕೊನೆಯದೇ ಮುಖ್ಯವಾದ ಮಿತಿ. ಪಿಐಟಿಯಲ್ಲಿ ದ್ರವ ಪೂರ್ತಿ ತಿಳಿಯಾಗದೆ ಎಣ್ಣೆ ಬೇರೆಯಾಗಿ ತೇಲುತ್ತಿದ್ದರೆ, ತಣಿಸಿದಾಗ ಆ ಎಣ್ಣೆ ದೊಡ್ಡ ಹನಿಗಳಾಗಿ ಉಳಿಯುತ್ತದೆ. ನಿಮ್ಮದು 6 ಭಾಗದಲ್ಲೇ ತಿಳಿಯಾಗುತ್ತಿದೆ, ಆದ್ದರಿಂದ ಅದನ್ನು ಏರಿಸುವ ಅಗತ್ಯವಿಲ್ಲ.

ಬೇಕಾದದ್ದು ಪಿಐಟಿಯನ್ನು 70ರಿಂದ 80 ಡಿಗ್ರಿಗೆ ಏರಿಸುವುದು. ಸರ್ಫ್ಯಾಕ್ಟಂಟಿನ ಒಟ್ಟು ತೂಕವನ್ನು 6 ಭಾಗದಲ್ಲೇ ಇಟ್ಟುಕೊಂಡು, ಅದರಲ್ಲಿ ಒಂದು ಪಾಲನ್ನು ಹೆಚ್ಚು ನೀರುಪ್ರಿಯವಾದುದಕ್ಕೆ ಬದಲಾಯಿಸಿ. ತಲೆಯಲ್ಲಿ ಒಂಬತ್ತು ಕೊಂಡಿಗಳಿರುವ ಲಾರೆತ್-9 ಸಿಕ್ಕರೆ ಒಳ್ಳೆಯದು, ಬಾಲ ಒಂದೇ ಆಗಿರುವುದರಿಂದ ಎರಡೂ ಒಂದೇ ಪದರದಲ್ಲಿ ಹೊಂದಿಕೊಳ್ಳುತ್ತವೆ. ಶೇ 10, 20, 30 ಹೀಗೆ ಮೂರು ಅನುಪಾತಗಳಲ್ಲಿ ಪಿಐಟಿ ಅಳೆದು ನಕ್ಷೆ ಎಳೆದರೆ ನಿಮಗೆ ಬೇಕಾದ ಅನುಪಾತವನ್ನು ಅದರಿಂದಲೇ ಓದಿಕೊಳ್ಳಬಹುದು. ಸರ್ಫ್ಯಾಕ್ಟಂಟ್ ಎಷ್ಟು ನೀರುಪ್ರಿಯ ಎಂದು ಸೂಚಿಸಲು 1949ರಲ್ಲಿ ಗ್ರಿಫಿನ್ ಕೊಟ್ಟ ಎಚ್‌ಎಲ್‌ಬಿ ಸಂಖ್ಯೆಗಳು, ಅಂದರೆ ಬ್ರಿಜ್ ಎಲ್4ಕ್ಕೆ 9.7, ಟ್ವೀನ್ 80ಕ್ಕೆ 15 ಎಂಬಂಥವು, ಎಲ್ಲಿಂದ ಆರಂಭಿಸಬೇಕೆಂದು ತಿಳಿಯಲು ಉಪಯುಕ್ತ; ಆದರೆ ಆ ಸಂಖ್ಯೆಗೆ ನಿಮ್ಮ ಎಣ್ಣೆ ಯಾವುದು, ನೀರಿನಲ್ಲಿ ಉಪ್ಪೆಷ್ಟು, ಕೋಣೆ ಎಷ್ಟು ಬಿಸಿ ಎಂಬುದು ಗೊತ್ತಿಲ್ಲ. ಪಿಐಟಿಗೆ ಅವೆಲ್ಲವೂ ಗೊತ್ತು. ಆದ್ದರಿಂದ ಅಳೆಯುವುದೇ ಸರಿಯಾದ ದಾರಿ.

ಅಳೆಯಲು ಕಣ್ಣನ್ನಷ್ಟೇ ನಂಬಬೇಡಿ. ನಿಮ್ಮ ಕಾಲೇಜಿನಲ್ಲಿ ದ್ರವದ ವಿದ್ಯುತ್ ವಾಹಕತೆ ಅಳೆಯುವ ಕಂಡಕ್ಟಿವಿಟಿ ಮೀಟರ್ ಇದ್ದೇ ಇರುತ್ತದೆ. ಬರಿಯ ಡಿಸ್ಟಿಲ್ಡ್ ವಾಟರಿಗೆ ಬದಲಾಗಿ ಲೀಟರಿಗೆ 0.58 ಗ್ರಾಂ ಉಪ್ಪು ಕರಗಿಸಿದ ನೀರನ್ನು, ಅಂದರೆ 0.01 ಮೋಲಾರ್ ಸೋಡಿಯಂ ಕ್ಲೋರೈಡನ್ನು ಬಳಸಿ. ಬರಿಯ ನೀರಿನ ವಾಹಕತೆ ತೀರ ಕಡಿಮೆಯಾದ್ದರಿಂದ ಮೀಟರಿನಲ್ಲಿ ಏನೂ ಕಾಣದು. ನಾನು ಕಲಿಯುವಾಗ ಇದೇ ತಪ್ಪಿಗೆ ಎರಡು ದಿನ ಕಳೆದುಕೊಂಡಿದ್ದೆ. ಇಷ್ಟು ಕಡಿಮೆ ಉಪ್ಪು ಪಿಐಟಿಯನ್ನು ಗಮನಕ್ಕೆ ಬರುವಷ್ಟು ಕದಲಿಸುವುದಿಲ್ಲ. ಕಲಕುತ್ತ, ನಿಮಿಷಕ್ಕೆ ಒಂದು ಡಿಗ್ರಿಯಂತೆ ನಿಧಾನವಾಗಿ ಕಾಯಿಸುತ್ತ ಓದು ಬರೆದುಕೊಳ್ಳಿ. ನೀರು ಹೊರಗಿನ ಮಾಧ್ಯಮವಾಗಿರುವವರೆಗೆ ವಾಹಕತೆ ಏರುತ್ತ ಹೋಗುತ್ತದೆ, ಎಣ್ಣೆ ಹೊರಗೆ ಬಂದ ಕೂಡಲೇ ಕುಸಿಯುತ್ತದೆ. ತಣಿಸುವಾಗಲೂ ಓದು ತೆಗೆದುಕೊಂಡು, ಕಾಯಿಸುವಾಗಿನ ಕುಸಿತಕ್ಕೂ ತಣಿಸುವಾಗಿನ ಏರಿಕೆಗೂ ನಡುವಿನ ಬಿಂದುವನ್ನು ಪಿಐಟಿ ಎಂದು ಹಿಡಿಯಿರಿ.

ಪಿಐಟಿ 75ಕ್ಕೆ ಏರಿದ ಮೇಲೆ ಐಸಿನ ಕೆಲಸವೂ ಕಷ್ಟವಾಗುತ್ತದೆ. ಒಂದು ಟೆಸ್ಟ್ ಟ್ಯೂಬನ್ನು ಐಸಿನಲ್ಲಿ ಬೇಗ ತಣಿಸಬಹುದು, ಅರ್ಧ ಲೀಟರನ್ನು ಹಾಗೆ ತಣಿಸಲಾಗದು; ನಡುವಿನ ಭಾಗ ಪಿಐಟಿಯ ಹತ್ತಿರವೇ ಬಹಳ ಹೊತ್ತು ಉಳಿದು ಹನಿಗಳು ಕೂಡಿಕೊಂಡುಬಿಡುತ್ತವೆ. ಅದಕ್ಕೆ ನನ್ನ ಸಲಹೆ, ನೀರೆಲ್ಲವನ್ನೂ ಮೊದಲೇ ಹಾಕಬೇಡಿ. ಎಣ್ಣೆ, ಸರ್ಫ್ಯಾಕ್ಟಂಟ್ ಮತ್ತು ನೀರಿನ ಒಂದು ಪಾಲನ್ನಷ್ಟೇ ಸೇರಿಸಿ ಸಾಂದ್ರವಾದ ಮಿಶ್ರಣ ಮಾಡಿ, ಅದನ್ನು ಪಿಐಟಿಗೆ ತಂದು, 5 ಡಿಗ್ರಿಯ ತಣ್ಣೀರನ್ನು ಕಲಕುತ್ತಲೇ ಒಮ್ಮೆಗೆ ಸುರಿಯಿರಿ. ಒಂದು ಪಾಲು 75 ಡಿಗ್ರಿಯ ಮಿಶ್ರಣಕ್ಕೆ ಮೂರು ಪಾಲು ತಣ್ಣೀರು ಬಿದ್ದರೆ ಇಡೀ ದ್ರವ ಕೆಲವೇ ಕ್ಷಣಗಳಲ್ಲಿ ಸುಮಾರು 22 ಡಿಗ್ರಿಗೆ ಇಳಿಯುತ್ತದೆ. ಹೀಗೆ ಸುರಿಯುವುದರಿಂದ ಕೊನೆಯ ದ್ರವದಲ್ಲಿ ಎಣ್ಣೆಯ ಪ್ರಮಾಣ ಕಡಿಮೆಯಾಗುತ್ತದೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಫ್ರಾನ್ಸಿನ ಆಂಜೆ ನಗರದ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಲಿಪಿಡ್ ನ್ಯಾನೊಕ್ಯಾಪ್ಸೂಲ್ ವಿಧಾನದ ತಿರುಳೂ ಇದೇ. ಅವರು ಮಿಶ್ರಣವನ್ನು 85 ಮತ್ತು 60 ಡಿಗ್ರಿಗಳ ನಡುವೆ ಮೂರು ಬಾರಿ ಏರಿಳಿಸಿ, ಆಮೇಲೆ ತಣ್ಣೀರು ಸುರಿದರು. ಉಪ್ಪು ಪಿಐಟಿಯನ್ನು ಇಳಿಸುತ್ತದೆ ಎಂಬ ಗುಣವನ್ನೂ ಅವರು ಬಳಸಿಕೊಂಡರು, ಏಕೆಂದರೆ ಅವರ ಸರ್ಫ್ಯಾಕ್ಟಂಟಿನ ಪಿಐಟಿ ಉಪ್ಪಿಲ್ಲದಿದ್ದರೆ ತೀರ ಮೇಲಿರುತ್ತಿತ್ತು. ನಿಮ್ಮ ಅಗತ್ಯ ಅದಕ್ಕೆ ವಿರುದ್ಧವಾದದ್ದು. ಆದ್ದರಿಂದ ಬಫರ್ ಅಥವಾ ಉಪ್ಪನ್ನು ಧಾರಾಳವಾಗಿ ಸೇರಿಸಬೇಡಿ.

ಇನ್ನು ಎರಡನೆಯ ಬಾಟಲಿ. ಅದನ್ನು ಫ್ರಿಜ್ಜಿನಲ್ಲಿಟ್ಟರೂ ಕೆಟ್ಟಿತು ಎಂದರೆ ಪಿಐಟಿಯ ಸಾಮೀಪ್ಯ ಕಾರಣವಲ್ಲ. ಅದು 80 ಡಿಗ್ರಿಯಲ್ಲಿ ನಿಜವಾಗಿ ತಿರುಗಿತೋ ಇಲ್ಲವೋ ಎಂಬುದೂ ವಾಹಕತೆ ಅಳೆಯುವವರೆಗೆ ಹೇಳುವಂತಿಲ್ಲ. ಟ್ವೀನ್ 80ರ ತಲೆಯಲ್ಲಿ ಇಪ್ಪತ್ತು ಎಥಿಲೀನ್ ಆಕ್ಸೈಡ್ ಕೊಂಡಿಗಳಿವೆ, ಅದು ಅಷ್ಟು ಸುಲಭವಾಗಿ ನೀರನ್ನು ಬಿಡುವುದಿಲ್ಲ. ನೀರಿನೊಂದಿಗೆ ಒಲವಿರುವ ಎಣ್ಣೆಯ ಜೊತೆ ಇಷ್ಟೊಂದು ಟ್ವೀನ್ ಬೆರೆಸಿದರೆ ತಿರುವು ನಡೆಯದೆಯೂ ಸಣ್ಣ ಹನಿಗಳು ತಾವಾಗಿ ಹುಟ್ಟಬಲ್ಲವು. ಹೇಗೆ ಹುಟ್ಟಿದರೂ ಅವುಗಳ ಮುಂದಿನ ಗತಿ ಒಂದೇ.

ನಿಂಬೆಹುಲ್ಲಿನ, ಅಂದರೆ ಮಜ್ಜಿಗೆ ಹುಲ್ಲಿನ ಎಣ್ಣೆಯಲ್ಲಿ ಬಹುಪಾಲು ಸಿಟ್ರಾಲ್. ಸಿಟ್ರಾಲ್ ನೀರಿನಲ್ಲಿ ಲೀಟರಿಗೆ ನೂರಾರು ಮಿಲಿಗ್ರಾಂ ಕರಗುತ್ತದೆ. ಪ್ಯಾರಫಿನ್ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಚಿಕ್ಕ ಹನಿಯೊಳಗಿನ ಒತ್ತಡ ಹೆಚ್ಚು ಎಂದು ಮೇಲೆ ಹೇಳಿದೆನಲ್ಲ, ಆ ಒತ್ತಡದ ದೆಸೆಯಿಂದ ಚಿಕ್ಕ ಹನಿಯ ಎಣ್ಣೆ ದೊಡ್ಡ ಹನಿಯದಕ್ಕಿಂತ ತುಸು ಹೆಚ್ಚು ಕರಗುತ್ತದೆ. ಕರ್ಷಣ 5 ಮಿಲಿನ್ಯೂಟನ್, ತ್ರಿಜ್ಯ 25 ನ್ಯಾನೊಮೀಟರ್ ಎಂದು ಇಟ್ಟುಕೊಂಡು ಸಿಟ್ರಾಲಿಗೆ ಲೆಕ್ಕ ಹಾಕಿದರೆ ಈ ಹೆಚ್ಚಳ ಸುಮಾರು ಶೇ 3 ಮಾತ್ರ. ಅದು ಅಲ್ಪವೆಂದು ಕಂಡರೂ ಹಗಲಿರುಳೂ ನಿಲ್ಲದೆ ನಡೆಯುತ್ತದೆ. ಚಿಕ್ಕ ಹನಿಯಿಂದ ಅಣುಗಳು ನೀರಿಗಿಳಿದು ದೊಡ್ಡ ಹನಿಯನ್ನು ಸೇರುತ್ತವೆ, ಚಿಕ್ಕವು ಕರಗಿಹೋಗುತ್ತವೆ, ದೊಡ್ಡವು ಬೆಳೆಯುತ್ತವೆ. ಹನಿಗಳು ಒಂದಕ್ಕೊಂದು ಮುಟ್ಟಬೇಕಾಗಿಯೇ ಇಲ್ಲ. ಆದ್ದರಿಂದ ಅವುಗಳ ಮೈಗೆ ಎಷ್ಟೇ ಒಳ್ಳೆಯ ಕವಚ ಹೊದಿಸಿದರೂ ಇದು ನಿಲ್ಲದು. ಮಿಕ್ಕ ಸರ್ಫ್ಯಾಕ್ಟಂಟ್ ನೀರಿನಲ್ಲಿ ಸಣ್ಣ ಅಣುಗುಂಪುಗಳಾಗಿ, ಅಂದರೆ ಮಿಸೆಲ್‌ಗಳಾಗಿ ನಿಂತು ಈ ಸಾಗಣೆಗೆ ನೆರವಾಗಲೂಬಹುದು. ಇದಕ್ಕೆ ಓಸ್ಟ್‌ವಾಲ್ಡ್ ರೈಪನಿಂಗ್ ಎಂದು ಹೆಸರು. ಲಿಫ್‌ಶಿಟ್ಸ್, ಸ್ಲ್ಯೊಜೊವ್ ಮತ್ತು ವಾಗ್ನರ್ 1961ರಲ್ಲಿ ತೋರಿಸಿಕೊಟ್ಟಂತೆ ಇಲ್ಲಿ ಸರಾಸರಿ ತ್ರಿಜ್ಯದ ಘನ ಕಾಲದೊಂದಿಗೆ ಸರಳರೇಖೆಯಲ್ಲಿ ಬೆಳೆಯುತ್ತದೆ. ಉದಾಹರಣೆಗೆ, ಮೊದಲ ದಿನ 25 ನ್ಯಾನೊಮೀಟರ್ ಇದ್ದದ್ದು ಎರಡು ದಿನಗಳ ನಂತರ 35 ಆದರೆ, ನಾಲ್ಕು ದಿನಗಳ ನಂತರ ಸುಮಾರು 41 ಆಗಬೇಕು.

ಇದಕ್ಕೆ ಪರಿಹಾರವಿರುವುದು ಎಣ್ಣೆಯಲ್ಲಿ. ನೀರಿನಲ್ಲಿ ಕರಗದ ಇನ್ನೊಂದು ಎಣ್ಣೆಯನ್ನು ಬೆರೆಸಿದರೆ, ಚಿಕ್ಕ ಹನಿಯಿಂದ ಸಿಟ್ರಾಲ್ ಹೊರಟುಹೋದಂತೆ ಅದರೊಳಗೆ ಕರಗದ ಎಣ್ಣೆಯ ಪಾಲು ಏರುತ್ತದೆ. ಹಾಗೆ ಸಿಟ್ರಾಲಿನ ಸಾಂದ್ರತೆ ಇಳಿದಾಗ ಅದು ಹೊರಡುವ ಒತ್ತಾಯವೂ ಇಳಿದು, ಒಂದು ಹಂತದಲ್ಲಿ ಒತ್ತಡದ ಹೆಚ್ಚಳಕ್ಕೆ ಸರಿಸಮವಾಗಿ ಸಾಗಣೆ ನಿಂತುಬಿಡುತ್ತದೆ. ಇಲ್ಲಿ ಎಣಿಕೆಗೆ ಬರುವುದು ಅಣುಗಳ ಸಂಖ್ಯೆ, ತೂಕವಲ್ಲ. ನೂರು ಅಣುಗಳಲ್ಲಿ ಐದು ಕರಗದ ಎಣ್ಣೆಯದಾಗಿರಬೇಕು ಎಂದುಕೊಳ್ಳಿ. ಸೂರ್ಯಕಾಂತಿ ಎಣ್ಣೆಯ ಅಣುಭಾರ 880ರಷ್ಟಿರುವುದರಿಂದ ಎಣ್ಣೆಯ ಒಟ್ಟು ತೂಕದಲ್ಲಿ ಶೇ 23ರಷ್ಟು ಅದನ್ನು ಹಾಕಬೇಕಾಗುತ್ತದೆ. ಅಣುಭಾರ 226 ಇರುವ, ಪ್ಯಾರಫಿನ್ ಬಗೆಯ ಹೆಕ್ಸಾಡೆಕೇನ್ ಆದರೆ ಶೇ 7 ಸಾಕು. ಸೂರ್ಯಕಾಂತಿ ಎಣ್ಣೆಯಲ್ಲಿರುವಂಥ ದೊಡ್ಡ ಟ್ರೈಗ್ಲಿಸರೈಡ್ ಅಣುಗಳು ಪಿಐಟಿಯ ಸ್ಪಂಜಿನೊಳಗೆ ಸುಲಭವಾಗಿ ಸೇರುವುದೂ ಇಲ್ಲ. ನಿಮ್ಮದು ಮೈಗೆ ಹಚ್ಚುವ ಲೋಷನ್ ಆದರೆ ನಿಮ್ಮ ಮೊದಲ ಬಾಟಲಿಯ ಲಿಕ್ವಿಡ್ ಪ್ಯಾರಫಿನ್ನೇ ಇಲ್ಲಿ ಒಳ್ಳೆಯ ಆಯ್ಕೆ. ಎಣ್ಣೆಯ ತೂಕದಲ್ಲಿ ಶೇ 20ರಿಂದ ಆರಂಭಿಸಿ. ಹೊಟ್ಟೆಗೆ ತೆಗೆದುಕೊಳ್ಳುವಂಥದ್ದಾದರೆ ಮಧ್ಯಮ ಸರಪಳಿಯ ಟ್ರೈಗ್ಲಿಸರೈಡನ್ನು ಹೆಚ್ಚಿನ ಪ್ರಮಾಣದಲ್ಲಿ ಬಳಸಿ ನೋಡಬೇಕಾಗುತ್ತದೆ.

ಎಣ್ಣೆ ಬದಲಾದರೆ ಪಿಐಟಿಯೂ ಬದಲಾಗುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ. ಸಿಟ್ರಾಲಿನಂಥ ಸಣ್ಣ, ಧ್ರುವೀಯ ಅಣುಗಳು ಸರ್ಫ್ಯಾಕ್ಟಂಟಿನ ಬಾಲಗಳ ನಡುವೆ ನುಗ್ಗಿ ಪಿಐಟಿಯನ್ನು ಇಳಿಸುತ್ತವೆ, ಉದ್ದ ಸರಪಳಿಯವು ಏರಿಸುತ್ತವೆ. ಪ್ರತಿ ಹೊಸ ಮಿಶ್ರಣಕ್ಕೂ ವಾಹಕತೆಯ ಅಳತೆ ಮತ್ತೆ ಆಗಬೇಕು. ಸುವಾಸನೆಯ ಎಣ್ಣೆ ಆವಿಯಾಗಿ ಹೋಗದಂತೆ ಬಿಗಿಯಾದ ಮುಚ್ಚಳದ ಪಾತ್ರೆಯಲ್ಲೇ ಕಾಯಿಸಿ.

ನಿಮ್ಮಲ್ಲಿ ಹನಿಯ ಗಾತ್ರ ಅಳೆಯುವ ಉಪಕರಣ ಇಲ್ಲದಿದ್ದರೂ ಕೆಲಸ ನಿಲ್ಲಿಸಬೇಕಾಗಿಲ್ಲ. ಹನಿಗಳು ಬೆಳಕಿನ ತರಂಗಾಂತರಕ್ಕಿಂತ ಬಹಳ ಚಿಕ್ಕವಾಗಿರುವವರೆಗೆ, ಎಣ್ಣೆಯ ಪ್ರಮಾಣ ಒಂದೇ ಇದ್ದರೆ, ಮಸುಕು ತ್ರಿಜ್ಯದ ಘನದೊಂದಿಗೆ ಏರುತ್ತದೆ. ತ್ರಿಜ್ಯ ಎರಡು ಪಟ್ಟಾದರೆ ಮಸುಕು ಎಂಟು ಪಟ್ಟು. ಹಾಗಾಗಿ ಸ್ಪೆಕ್ಟ್ರೊಫೋಟೊಮೀಟರಿನಲ್ಲಿ 600 ನ್ಯಾನೊಮೀಟರಿನಲ್ಲಿ ದಿನವೂ ಒಂದೇ ಪ್ರಮಾಣಕ್ಕೆ ತೆಳುವಾಗಿಸಿ ಓದು ತೆಗೆದರೆ, ರೈಪನಿಂಗಿನ ಮೊದಲ ದಿನಗಳಲ್ಲಿ ಓದು ಕಾಲದೊಂದಿಗೆ ನೇರ ರೇಖೆಯಲ್ಲಿ ಏರುತ್ತದೆ. ಹನಿಗಳು ಮುಟ್ಟಿ ಕೂಡಿಕೊಳ್ಳುತ್ತಿದ್ದರೆ ರೇಖೆ ನೇರವಾಗಿರದೆ ಕೊನೆಗೊಮ್ಮೆ ಮೇಲಕ್ಕೆ ಜಿಗಿಯುತ್ತದೆ.

ಕೆಟ್ಟ ಬಾಟಲಿಗಳನ್ನು ಚೆಲ್ಲಬೇಡಿ. ಪಿಐಟಿಯಲ್ಲಿ ನಡೆಯುವುದು ಹಿಂದುಮುಂದಾಗಬಲ್ಲ ತಿರುವು; ಮೊದಲನೆಯದನ್ನು ಮತ್ತೆ 50 ಡಿಗ್ರಿಗೆ ಒಯ್ದು ಕಲಕಿ, ಐಸಿನಲ್ಲಿ ತಣಿಸಿದರೆ ನೀಲಿ ಛಾಯೆ ಮರಳಿ ಬರಬೇಕು. ಬಂದರೆ ಎಣ್ಣೆಯಾಗಲಿ ಸರ್ಫ್ಯಾಕ್ಟಂಟಾಗಲಿ ಕೆಟ್ಟಿಲ್ಲ ಎಂದರ್ಥ.

ಹೊಸ ಮಿಶ್ರಣಗಳ ಸ್ಥಿರತೆ ಪರೀಕ್ಷಿಸುವಾಗ 60 ಡಿಗ್ರಿಯ ಓವನ್ನಿನಲ್ಲಿಟ್ಟು ‘ತ್ವರಿತ ಪರೀಕ್ಷೆ’ ಮಾಡುವ ಆಸೆ ಬೇಡ. ಮಾತ್ರೆಗಳಿಗೆ ಹೊಂದುವ ಆ ಕ್ರಮ ಇಲ್ಲಿ ಹೊಂದುವುದಿಲ್ಲ, ಏಕೆಂದರೆ ಬಿಸಿ ಇಲ್ಲಿ ಕೆಡುವಿಕೆಯನ್ನು ಬರಿದೆ ವೇಗಗೊಳಿಸದೆ ಪದರದ ಸ್ವಭಾವವನ್ನೇ ಬದಲಾಯಿಸುತ್ತದೆ. ಪಿಐಟಿ 75 ಇರುವ ಒಳ್ಳೆಯ ಎಮಲ್ಷನ್ನೂ 60 ಡಿಗ್ರಿಯಲ್ಲಿ ಒಡೆಯಬಹುದು, ಅದರಿಂದ ಅದು 40 ಡಿಗ್ರಿಯಲ್ಲಿ ಹೇಗಿರುತ್ತದೆ ಎಂದು ಏನೂ ತಿಳಿಯದು. ಒಂದೇ ತಯಾರಿಕೆಯನ್ನು ಮೂರು ಟ್ಯೂಬುಗಳಲ್ಲಿ ತುಂಬಿ ಒಂದನ್ನು ಫ್ರಿಜ್ಜಿನಲ್ಲಿ, ಒಂದನ್ನು ಕೋಣೆಯಲ್ಲಿ, ಒಂದನ್ನು 45 ಡಿಗ್ರಿಯಲ್ಲಿ ಇಡಿ. ಮೂರೂ ಬೆಳ್ಳಗಾಗುತ್ತ ಹೋದರೆ ಎಣ್ಣೆಯ ಮಿಶ್ರಣಕ್ಕೆ ಮರಳಿ. 45 ಡಿಗ್ರಿಯದು ಮಾತ್ರ ಒಡೆದರೆ ಪಿಐಟಿಯನ್ನು ಇನ್ನೂ ಐದು ಡಿಗ್ರಿ ಮೇಲಕ್ಕೆ ಏರಿಸಿ ಮತ್ತೆ ತಯಾರಿಸಿ.